ಟಿವಿಗೆ ಯಾವ ಸ್ಟಿಕ್ ತಗೊಳ್ಳಲಿ?

ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಪಕ್ಕದ ಎಲೆಯವರು ಶುರು ಮಾಡುತ್ತಾರೆ. "ನಮ್ಮದು ಸ್ಮಾರ್ಟ್ ಟಿವಿ ಅಲ್ಲ ಕಣೋ. ಆದ್ರೆ ಚೆನ್ನಾಗೇ ಇದೆ. ಅದಕ್ಕೆ ಏನೋ ಸಿಗಿಸಿದ್ರೆ ಮೊಬೈಲಲ್ಲಿ ಬರೋದೆಲ್ಲ ಬರುತ್ತಂತಲ್ಲ, ಯಾವುದು ಒಳ್ಳೇದು?" ಕಂಪ್ಯೂಟರ್ ಕೆಲಸದವನಿಗೆ ಪ್ರಿಂಟರ್‌ನಿಂದ ಮಿಕ್ಸಿವರೆಗೆ ಎಲ್ಲವೂ ಗೊತ್ತು ಅಂತ ನಮ್ಮ ನೆಂಟರ ನಂಬಿಕೆ.

ಅವರು ಕೇಳುವುದು ಸ್ಟಿಕ್ ಬಗ್ಗೆ, ಟಿವಿ ಹಿಂದೆ ಸಿಗಿಸಿದರೆ ಇಂಟರ್ನೆಟ್‌ನಿಂದ ವಿಡಿಯೋ ತಂದು ತೋರಿಸುವ ಪುಟ್ಟ ಸಾಧನ. ಮೊದಲೆಲ್ಲ ಥಟ್ಟನೆ ಒಂದು ಹೆಸರು ಹೇಳಿಬಿಡುತ್ತಿದ್ದೆ. ಈಗ ನಾನೇ ತಿರುಗಿ ಕೇಳುತ್ತೇನೆ: ಟಿವಿ ಹಿಂದೆ ಏನಿದೆ? ರಿಮೋಟ್ ಯಾರ ಕೈಲಿರುತ್ತೆ? ಈ ಬುದ್ಧಿ ಬಂದದ್ದು ಸಾಗರದ ಹತ್ತಿರ ಇರುವ ನಮ್ಮ ಚಿಕ್ಕಮ್ಮನಿಂದ.

ಚಿಕ್ಕಮ್ಮನ ಮನೆಯಲ್ಲಿ 32 ಇಂಚಿನ ಹಳೇ ಟಿವಿ. ನಾನೇ ಒಂದು ಸ್ಟಿಕ್ ತಗೊಂಡು ಹೋಗಿ ಸಿಗಿಸಿ, ಎಲ್ಲ ಆ್ಯಪ್ ಹಾಕಿ, ಬೆನ್ನು ತಟ್ಟಿಸಿಕೊಂಡು ಬೆಂಗಳೂರಿಗೆ ಬಂದೆ. ಮೂರನೇ ದಿನ ಫೋನು. "ಎಂತ ಮಾಡಿಟ್ಟು ಹೋಗಿದೀಯ ಮಾರಾಯ? ಧಾರಾವಾಹಿ ಅರ್ಧಕ್ಕೆ ಬಂತು ಅನ್ನೋವಾಗ ಆರಿ ಹೋಗ್ತದೆ. ಮತ್ತೆ ಮೊದಲಿಂದ ಹತ್ತಿಕೊಳ್ತದೆ."

ತಪ್ಪು ನನ್ನದೇ. ಪ್ಲಗ್ ಪಾಯಿಂಟ್ ಉಳಿಯಲಿ ಅಂತ ಸ್ಟಿಕ್ಕಿನ ಕರೆಂಟ್ ವೈರನ್ನು ಟಿವಿಯ ಯುಎಸ್‌ಬಿಗೇ ಚುಚ್ಚಿದ್ದೆ. ಹಳೇ ಟಿವಿಗಳ ಯುಎಸ್‌ಬಿ ಸಾಮಾನ್ಯವಾಗಿ ಕೊಡುವುದು ಅರ್ಧ ಆಂಪಿಯರ್. ಸ್ಟಿಕ್ಕಿಗೆ ಬೇಕಾದದ್ದು ಒಂದು. ಸುಮ್ನೆ ಮೆನು ತೋರಿಸುವಾಗ ಹೇಗೋ ನಡೆಯುತ್ತದೆ. ವಿಡಿಯೋ ಓಡಲು ಶುರುವಾದಾಗ ಸಾಲದೆ ಬಂದು ಮಲಗಿಬಿಡುತ್ತದೆ. "ಡಬ್ಬದಲ್ಲಿ ಒಂದು ಚಾರ್ಜರ್ ಇತ್ತಲ್ಲ, ಅದನ್ನ ಹಾಕು" ಅಂದೆ. "ಅದಾ? ಅದನ್ನ ನಿನ್ನ ಚಿಕ್ಕಪ್ಪ ಮೊಬೈಲಿಗೆ ಹಾಕ್ಕೊಂಡಿದಾರಲ್ಲ!"

ಚಾರ್ಜರ್ ವಾಪಸ್ ಬಂದ ಮೇಲೆ ಆರುವುದು ನಿಂತಿತು. ಸುತ್ತುವುದು ಶುರುವಾಯಿತು, ಆ ಬಿಳಿ ವೃತ್ತ. ವೈಫೈ ಪೆಟ್ಟಿಗೆ ಇದ್ದದ್ದು ಜಗಲಿಯಲ್ಲಿ, ಟಿವಿ ಇದ್ದದ್ದು ಒಳಗಿನ ಕೋಣೆಯಲ್ಲಿ. ನಡುವೆ ಜಂಬಿಟ್ಟಿಗೆಯ ದಪ್ಪ ಗೋಡೆ. ನಾನು ಹಾಕಿಕೊಟ್ಟದ್ದು 5 ಗಿಗಾಹರ್ಟ್ಸ್ ವೈಫೈ. ಅದು ವೇಗವೇನೋ ಹೌದು, ಆದರೆ ಗೋಡೆ ಕಂಡರೆ ಸುಸ್ತು. ಅದೇ ಪೆಟ್ಟಿಗೆಯ ಇನ್ನೊಂದು ಸಿಗ್ನಲ್, 2.4 ಗಿಗಾಹರ್ಟ್ಸ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ವೇಗ ಕಡಿಮೆಯಾದರೆ ಚಿತ್ರ ಕೆಡುವುದಿಲ್ಲವೇ? ಇಲ್ಲ. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳುವುದೇ ಸೆಕೆಂಡಿಗೆ 5 ಮೆಗಾಬಿಟ್, 4ಕೆಗೆ 15. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಮಾತ್ರ ಲೆಕ್ಕ ಹಾಕಿಕೊಳ್ಳಿ: ಸೆಕೆಂಡಿಗೆ 5 ಮೆಗಾಬಿಟ್ ಅಂದರೆ ಗಂಟೆಗೆ ಎರಡು ಜಿಬಿಗಿಂತ ಜಾಸ್ತಿ.

ಹಾಗಾಗಿ ಹಣ ಕೊಡುವ ಮೊದಲು ಟಿವಿಯನ್ನು ಸ್ವಲ್ಪ ಎಳೆದು ಹಿಂದೆ ಟಾರ್ಚ್ ಬಿಡಿ. ಸ್ಟಿಕ್ ಕೂರುವುದು ಎಚ್‌ಡಿಎಂಐ ಅಂತ ಬರೆದ ಕಿಂಡಿಯಲ್ಲಿ. ಅದು ಎಷ್ಟಿದೆ? ಒಂದೇ ಇದ್ದು ಅದರಲ್ಲಿ ಡಿಶ್‌ನ ಸೆಟ್‌ಟಾಪ್ ಬಾಕ್ಸ್ ಕೂತಿದ್ದರೆ, ದಿನಾ ಅದನ್ನು ಕಿತ್ತು ಇದನ್ನು ಚುಚ್ಚುವ ಕೆಲಸ ಆಗುತ್ತದೆ. ಅಂಥ ಮನೆಗೆ ಒಂದೇ ಕಿಂಡಿಗೆ ಎರಡನ್ನೂ ಜೋಡಿಸುವ ಎಚ್‌ಡಿಎಂಐ ಸ್ವಿಚ್ಚೂ ಬೇಕು. ಕೆಂಪು, ಬಿಳಿ, ಹಳದಿ ತೂತು ಬಿಟ್ಟರೆ ಬೇರೇನೂ ಇಲ್ಲದ ಟಿವಿಗೆ ಕನ್ವರ್ಟರ್ ಸಿಗುತ್ತದೆ, ನಿಜ. ನಾನಂತೂ ಹಾಕಿಸಬೇಡಿ ಅನ್ನುತ್ತೇನೆ. ಅಕ್ಷರ ಓದಲು ಆಗುವುದಿಲ್ಲ.

4ಕೆ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. 32 ಇಂಚಿನ ಬಹಳಷ್ಟು ಟಿವಿಗಳ ಪರದೆಯಲ್ಲಿ ಇರುವುದು 1366 ಗುಣಿಸು 768 ಚುಕ್ಕಿ. 4ಕೆ ಅಂದರೆ 3840 ಗುಣಿಸು 2160. ಲೋಟಕ್ಕೆ ಕೊಡದಿಂದ ಸುರಿದರೂ ಹಿಡಿಯುವುದು ಲೋಟದಷ್ಟೇ. ಆದರೂ ಕೆಲವರಿಗೆ 4ಕೆ ಸ್ಟಿಕ್ಕನ್ನೇ ತಗೊಳ್ಳಿ ಅನ್ನುತ್ತೇನೆ, ಚಿತ್ರಕ್ಕಲ್ಲ, ಮೆಮೊರಿಗೆ. ಅಗ್ಗದ ಸ್ಟಿಕ್ಕಲ್ಲಿ ಸಾಮಾನ್ಯವಾಗಿ 1 ಜಿಬಿ ರ್‍ಯಾಮ್. ಆ್ಯಪ್‌ಗಳು ವರ್ಷವರ್ಷ ದಪ್ಪ ಆಗುತ್ತವೆ, ಇದು ಆಗುವುದಿಲ್ಲ. ಎರಡು ಮೂರು ವರ್ಷಕ್ಕೆ ಬಟನ್ ಒತ್ತಿ ಕಾಯುವ ಹಾಗಾಗುತ್ತದೆ. ಹಲವು 4ಕೆ ಸ್ಟಿಕ್ಕಲ್ಲಿ 2 ಜಿಬಿ ಇರುತ್ತದೆ, ಅದು ಇನ್ನಷ್ಟು ದಿನ ಓಡುತ್ತದೆ.

ಇನ್ನು ಹೆಸರು. ನಮ್ಮವರು ನೋಡುವುದು ಏನು? ಜೀ ಕನ್ನಡದ ಧಾರಾವಾಹಿಗೆ ಜೀ5. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡಕ್ಕೂ ಈಗ ಜಿಯೋಹಾಟ್‌ಸ್ಟಾರ್, 2025ರ ಫೆಬ್ರವರಿಯಲ್ಲಿ ಎರಡು ಆ್ಯಪ್ ಸೇರಿ ಒಂದಾದದ್ದು. ಉದಯ ಟಿವಿಗೆ ಸನ್ ನೆಕ್ಸ್ಟ್. ಮಿಕ್ಕಿದ್ದಕ್ಕೆಲ್ಲ ಯೂಟ್ಯೂಬ್. ಇವು ಅಮೆಜಾನ್‌ನ ಫೈರ್ ಟಿವಿಯಲ್ಲೂ ಬರುತ್ತವೆ, ಶಿಯೋಮಿಯಂಥವರು ಮಾರುವ ಗೂಗಲ್ ಟಿವಿ ಬಾಕ್ಸಿನಲ್ಲೂ ಬರುತ್ತವೆ. ಮೊಬೈಲಿನ ವಿಡಿಯೋವನ್ನು ಟಿವಿಗೆ ಎಸೆದು (ಕಾಸ್ಟ್ ಮಾಡಿ) ನೋಡುವ ಅಭ್ಯಾಸ ಇದ್ದರೆ ಗೂಗಲ್‌ನದು ಹಿತ. ಇಲ್ಲದಿದ್ದರೆ ಸೇಲ್‌ನಲ್ಲಿ ಯಾವುದು ಕಡಿಮೆಯೋ ಅದು. ಆ್ಯಪಲ್ ಟಿವಿ ಬಹಳ ಚೆಂದ, ಆದರೆ ಆ ದುಡ್ಡಿಗೆ ಹೊಸ 32 ಇಂಚಿನ ಸ್ಮಾರ್ಟ್ ಟಿವಿಯೇ ಬರುತ್ತದೆ. ಅಂದ ಹಾಗೆ, ಮನೆಗೆ ಫೈಬರ್ ಹಾಕಿಸುತ್ತಿದ್ದರೆ ಮೊದಲು ಅವರನ್ನೇ ಕೇಳಿ. ಕೆಲವು ಪ್ಲ್ಯಾನ್‌ಗಳ ಜೊತೆ ಬಾಕ್ಸೂ ಬರುತ್ತದೆ.

ಒಂದನ್ನು ಮಾತ್ರ ತರಬೇಡಿ: ಹೆಸರಿಲ್ಲದ ಬಾಕ್ಸ್. ನಾನೂ ಒಮ್ಮೆ ಒಂದು ಅಂಗಡಿಯಲ್ಲಿ ಎರಡು ಸಾವಿರ ಕೊಟ್ಟು ತಂದಿದ್ದೆ. ಮೇಲೆ '8ಕೆ' ಅಂತ ಚಿನ್ನದ ಸ್ಟಿಕ್ಕರ್. ಸಿನಿಮಾ ಹಾಕಿದರೆ ಮಂಜು ಮುಸುಕಿದ ಹಾಗೆ. ಸಿನಿಮಾ ಕದ್ದು ನಕಲು ಮಾಡದ ಹಾಗೆ ಕಾಯುವ ವೈಡ್‌ವೈನ್ ಅಂತ ಒಂದು ಬೀಗದ ವ್ಯವಸ್ಥೆ ಇದೆ. ಅದರ ಎಲ್1 ದರ್ಜೆ ಇಲ್ಲದ ಪೆಟ್ಟಿಗೆಗೆ ದೊಡ್ಡ ಆ್ಯಪ್‌ಗಳು ಸಾಮಾನ್ಯವಾಗಿ ಎಚ್‌ಡಿ ಕೊಡುವುದಿಲ್ಲ. ಚಿತ್ರ ಮಂಜಾದರೆ ಹೋಗಲಿ ಅನ್ನಬಹುದು. ಕೇಡು ಮಾಡುವ ಸಾಫ್ಟ್‌ವೇರ್ (ಮಾಲ್‌ವೇರ್) ಒಳಗಿಟ್ಟುಕೊಂಡೇ ಬರುವ ಪೆಟ್ಟಿಗೆಗಳೂ ಇವೆ. ಟಿ95 ಅನ್ನುವ ಬಾಕ್ಸಿನಲ್ಲಿ 2023ರಲ್ಲೇ ಅದು ಸಿಕ್ಕಿಬಿತ್ತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥವುಗಳ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತು. ಫೋನ್‌ಪೇ, ಬ್ಯಾಂಕು ಎಲ್ಲ ಓಡುವ ವೈಫೈಗೆ ಅದನ್ನು ಸೇರಿಸುವುದು ಬೇಡ.

ಕೊನೆಗೆ ರಿಮೋಟ್. ವಯಸ್ಸಾದವರಿಗೆ ಕಷ್ಟ ಆಗುವುದು ಆ್ಯಪ್ ಅಲ್ಲ, 'ಸೋರ್ಸ್' ಬಟನ್. ಡಿಶ್‌ನಿಂದ ಸ್ಟಿಕ್ಕಿಗೆ ಬರಬೇಕು, ಸ್ಟಿಕ್ಕಿನಿಂದ ಡಿಶ್‌ಗೆ ಹೋಗಬೇಕು, ಕೈಲಿ ಮೂರು ರಿಮೋಟ್. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿಎಂಐ ಸಿಇಸಿ ಅಂತ ಇದ್ದರೆ ಆನ್ ಮಾಡಿಕೊಡಿ. ಸ್ಯಾಮ್‌ಸಂಗ್‌ನಲ್ಲಿ ಅದಕ್ಕೆ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಹೆಸರು. ಆಮೇಲೆ ಸ್ಟಿಕ್ಕಿನ ರಿಮೋಟ್‌ನಲ್ಲಿ ಮನೆ ಚಿತ್ರದ ಬಟನ್ ಒತ್ತಿದರೆ ಸಾಕು, ಟಿವಿ ತಾನೇ ಎದ್ದು ಸ್ಟಿಕ್ಕಿಗೆ ತಿರುಗುತ್ತದೆ.

ಚಿಕ್ಕಮ್ಮ ಆ ಬಟನ್ ಮೇಲೆ ತನ್ನ ಹಣೆಯ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡಿದ್ದಾಳೆ. ದಾರಿ ತಪ್ಪಿದರೆ ಬೊಟ್ಟು ಒತ್ತುತ್ತಾಳೆ. ಉದುರಿದರೆ ಹೊಸದು ಹಚ್ಚುತ್ತಾಳೆ. ಮೊನ್ನೆ ಪಕ್ಕದ ಮನೆಯವರು ಅವಳನ್ನೇ ಕೇಳಿದರಂತೆ, ಯಾವ ಸ್ಟಿಕ್ ತಗೊಳ್ಳೋದು ಅಂತ.

"ಏನಂದೆ ಮತ್ತೆ?"

"ಯಾವುದಾದ್ರೂ ತಗೊಳ್ಳಿ, ಚಾರ್ಜರ್ ಮಾತ್ರ ಗಂಡಸರ ಕಣ್ಣಿಗೆ ಬೀಳದ ಹಾಗೆ ಇಟ್ಕೊಳ್ಳಿ ಅಂದೆ."