ಓಯಿರಾನ್ ಮತ್ತು ಗೇಶಾ: ಬೇರೆ ಬೇರೆ ಬದುಕುಗಳು

ಬಿಳಿ ಬಣ್ಣ ಬಳಿದ ಮುಖ ಮತ್ತು ಕಿಮೋನೊ ಕಂಡೊಡನೆ ಗೇಶಾ, ಅಂದರೆ ಹಾಡು ನೃತ್ಯಗಳಿಂದ ರಂಜಿಸುವ ಜಪಾನಿನ ಕಲಾವಿದೆ, ಎಂದುಬಿಡುವುದು ಆ ಕಲಾವಿದೆಯರಿಗೆ ಮಾಡುವ ಅನ್ಯಾಯವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಎದೋ ನಗರದ, ಅಂದರೆ ಇಂದಿನ ಟೋಕಿಯೊದ, ಯೋಶಿವಾರಾ ಎಂಬ ಪರವಾನಗಿ ಪಡೆದ ವೇಶ್ಯಾಕೇರಿಯಲ್ಲಿ ಅತ್ಯುನ್ನತ ದರ್ಜೆಯ ಗಣಿಕೆಯರನ್ನು ಓಯಿರಾನ್ ಎನ್ನುತ್ತಿದ್ದರು. ಅವರು ಓಬಿ ಎಂಬ ನಡುಪಟ್ಟಿಯನ್ನು ಮುಂದಕ್ಕೆ ಕಟ್ಟಿಕೊಂಡು, ಮುಡಿಯ ತುಂಬ ಆಮೆಚಿಪ್ಪಿನ ಸೂಜಿಗಳನ್ನು ಸಿಕ್ಕಿಸಿ, ಎತ್ತರದ ಮರದ ಪಾದುಕೆಗಳಲ್ಲಿ ಪರಿಚಾರಿಕೆಯರೊಡನೆ ನಿಧಾನವಾಗಿ ಮೆರವಣಿಗೆ ಹೋಗುತ್ತಿದ್ದರು. ಈ ವೈಭವದ ಹಿಂದೆ ಇದ್ದದ್ದು ಸಾಲದ ಬಂಧನ. ಬಡ ಕುಟುಂಬಗಳಿಂದ ಬಾಲ್ಯದಲ್ಲೇ ಮಾರಲ್ಪಟ್ಟು ಬಂದ ಹೆಣ್ಣುಮಕ್ಕಳು ಕೇರಿಯ ಗೋಡೆಯನ್ನು ದಾಟುವಂತಿರಲಿಲ್ಲ. ಇದನ್ನು ಮರೆತು ಅವರ ಉಡುಗೆಯನ್ನಷ್ಟೇ ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

ಗೇಶಾ ವೃತ್ತಿ ಆರಂಭದಲ್ಲಿ ಗಂಡಸರದಾಗಿತ್ತು. ಹದಿನೆಂಟನೆಯ ಶತಮಾನದ ನಡುವಿನಿಂದ ಮಹಿಳೆಯರು ಅದರಲ್ಲಿ ಮುಂದೆ ಬಂದರು. ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ವಾದನ, ನೃತ್ಯ, ಗಾಯನ ಮತ್ತು ಮಾತುಗಾರಿಕೆಯೇ ಅವರ ಜೀವನಾಧಾರ. ಗಣಿಕೆಯರ ಗಿರಾಕಿಗಳನ್ನು ಸೆಳೆಯಬಾರದೆಂಬ ಕಟ್ಟುಪಾಡಿಗೆ ಒಳಪಟ್ಟಿದ್ದ ಅವರ ಉಡುಗೆ ಸರಳವಾಗಿದ್ದು, ಓಬಿಯನ್ನು ಹಿಂದಕ್ಕೆ ಕಟ್ಟುತ್ತಿದ್ದರು. ಅವರಲ್ಲಿಯೂ ಸಾಲ ಮತ್ತು ಶೋಷಣೆ ಇದ್ದವೆಂಬುದನ್ನು ಹೇಳಲೇಬೇಕು.

1958ರಲ್ಲಿ ವೇಶ್ಯಾವೃತ್ತಿ ತಡೆ ಕಾನೂನು ಪೂರ್ಣವಾಗಿ ಜಾರಿಗೆ ಬಂದು ಯೋಶಿವಾರಾ ವೇಶ್ಯಾಕೇರಿಯ ಯುಗ ಮುಗಿಯಿತು. ಓಯಿರಾನ್ ವೇಷ ಇಂದು ಮುಖ್ಯವಾಗಿ ಉತ್ಸವದ ಮೆರವಣಿಗೆಗಳಲ್ಲಿ ಕಾಣುತ್ತದೆ. ಆದರೆ ಕ್ಯೋಟೋದ ಗಿಯೋನ್ ಮುಂತಾದ ಗೇಶಾ ಕೇರಿಗಳಲ್ಲಿ ಇಂದಿಗೂ ಮೈಕೊಗಳೆಂಬ ಕಿರಿಯರು ವರ್ಷಗಟ್ಟಲೆ ಅಭ್ಯಾಸ ಮಾಡಿ ಗೇಶಾ ಆಗುತ್ತಿದ್ದಾರೆ.