ಕಾರ್ಪೆಟ್ ಒಣಗಿಸಲು ಏರ್ ಮೂವರ್: ಎಚ್‌ಪಿ ಒಂದನ್ನೇ ನೋಡಿ ಕೊಳ್ಳಬೇಡಿ

ಕಾರ್ಪೆಟ್ ತೊಳೆಯುವ ಕೆಲಸಕ್ಕೆ ಏರ್ ಮೂವರ್, ಅಂದರೆ ನೆಲಕ್ಕೆ ಜೋರಾಗಿ ಗಾಳಿ ಊದಿ ಒಣಗಿಸುವ ಮಷೀನು, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಚ್‌ಪಿ (ಮೋಟಾರಿನ ಶಕ್ತಿ) ಎಷ್ಟು, ಸಿಎಫ್‌ಎಂ (ನಿಮಿಷಕ್ಕೆ ತಳ್ಳುವ ಗಾಳಿ, ಘನ ಅಡಿಯಲ್ಲಿ) ಎಷ್ಟು ಅಂತ. ಡಬ್ಬದ ಮೇಲೂ ಅದನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಆದರೆ ಮನೆಯಲ್ಲಿ ತಿರುಗುವ 48 ಇಂಚಿನ ಸೀಲಿಂಗ್ ಫ್ಯಾನ್ ನಿಮಿಷಕ್ಕೆ ಸುಮಾರು 200 ಘನ ಮೀಟರ್ ಗಾಳಿ ತಳ್ಳುತ್ತದೆ, ಅಂದರೆ 7,000 ಸಿಎಫ್‌ಎಂ. 1,000 ಸಿಎಫ್‌ಎಂನ ಏರ್ ಮೂವರ್ ತಳ್ಳುವುದು ಬರೀ 28 ಘನ ಮೀಟರ್. ಕಾಗದದ ಮೇಲೆ ಫ್ಯಾನೇ ಏಳು ಪಟ್ಟು ಮುಂದು. ಆದರೂ ಶಾಂಪೂ ಮಾಡಿದ ಕಾರ್ಪೆಟ್ಟು ಬರೀ ಫ್ಯಾನಿನ ಕೆಳಗೆ ಬೆಳಗಾದರೂ ತಣ್ಣಗೇ ಇರುತ್ತದೆ.

ಒದ್ದೆ ನೂಲಿನ ಮೇಲೆ ತೇವ ತುಂಬಿದ ಗಾಳಿಯ ತೆಳು ಪದರವೊಂದು ಅಂಟಿಕೊಂಡು ಕೂತಿರುತ್ತದೆ. ಅದನ್ನು ಎಬ್ಬಿಸದೆ ನೀರು ಮೇಲೇಳುವುದಿಲ್ಲ. ಫ್ಯಾನಿನ ಗಾಳಿ ಕೋಣೆಯೆಲ್ಲ ಹರಡಿ, ನೆಲ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಏರ್ ಮೂವರ್ ಕಮ್ಮಿ ಗಾಳಿಯನ್ನೇ ನೆಲಕ್ಕೆ ಸವರಿಕೊಂಡು ಹೋಗುವಂತೆ ಜೋರಾಗಿ ಬಿಡುತ್ತದೆ. ಹಾಗಾಗಿ ಅಂಗಡಿಯಲ್ಲಿ ಮಷೀನು ಓಡಿಸಿ, ಅದರ ಮುಂದೆ 10 ಅಡಿ ದೂರದಲ್ಲಿ ನೆಲದ ಮೇಲೆ ಒಂದು ತುಂಡು ಟಿಶ್ಯೂ ಇಟ್ಟು ನೋಡಿ. ಅದು ಜಾರಿಕೊಂಡು ಹೋದರೆ ಸರಿ. ಅಲ್ಲೇ ಅಲುಗಾಡುತ್ತಾ ಕೂತರೆ ಆ ಮಷೀನಿನ ಗಾಳಿ ನೆಲ ಬಿಟ್ಟು ಮೇಲೆ ಹೋಗುತ್ತಿದೆ ಎಂದರ್ಥ.

ಆಕಾರದ ಮಾತಿಗೆ ಬಂದರೆ ಮುಖ್ಯವಾಗಿ ಎರಡು ಜಾತಿ. ಬಸವನಹುಳುವಿನ ಹಾಗೆ ಸುತ್ತಿಕೊಂಡಿರುವ ಸೆಂಟ್ರಿಫ್ಯೂಗಲ್ ಬ್ಲೋವರ್ ಪಕ್ಕದಿಂದ ಗಾಳಿ ಎಳೆದು ಚಪ್ಪಟೆ ಬಾಯಿಂದ ಒತ್ತಡದಲ್ಲಿ ಬಿಡುತ್ತದೆ. ಮೇಜಿನ ಕಾಲು, ಕುರ್ಚಿ, ಪಾರ್ಟಿಷನ್ ನಡುವೆ ನುಗ್ಗಲು ಇದೇ ಆಗಬೇಕು. ಆಕ್ಸಿಯಲ್ ಅನ್ನುವುದು ಕೊಳವೆಯೊಳಗಿನ ಫ್ಯಾನ್ ಇದ್ದ ಹಾಗೆ. ಕಡಿಮೆ ಕರೆಂಟಿನಲ್ಲಿ ಹೆಚ್ಚು ಗಾಳಿ ಕೊಡುತ್ತದೆ, ಆದರೆ ಎದುರಿಗೆ ಏನಾದರೂ ಅಡ್ಡ ಬಂದರೆ ಬೇಗ ಸೋಲುತ್ತದೆ. ಕುರ್ಚಿ ತೆಗೆದ ಕಲ್ಯಾಣ ಮಂಟಪ, ಹೋಟೆಲಿನ ಬ್ಯಾಂಕ್ವೆಟ್ ಹಾಲ್, ಉದ್ದ ಕಾರಿಡಾರಿಗೆ ಅದು ಚೆನ್ನ. ಬಾಯಿ ನೆಲಮಟ್ಟದಲ್ಲಿರುವ ಕುಳ್ಳ ಮಾಡೆಲ್‌ಗಳೂ ಇವೆ, ಮಂಚ ಮತ್ತು ಸೋಫಾ ಕೆಳಗೆ ಗಾಳಿ ಬಿಡಲು ಅನುಕೂಲ.

ಬೆಂಗಳೂರಿನ ಆಫೀಸುಗಳಲ್ಲಿ ರಾತ್ರಿ ಕೆಲಸ ಮಾಡುವ ತಂಡಕ್ಕೆ ನಮ್ಮ ಸಲಹೆ ಅರ್ಧ ಎಚ್‌ಪಿ ಸೆಂಟ್ರಿಫ್ಯೂಗಲ್, ಮೂರು ಸ್ಪೀಡಿನದು, ಪ್ಲಾಸ್ಟಿಕ್ ಬಾಡಿ, ಒಂದರ ಮೇಲೊಂದು ಜೋಡಿಸುವಂಥದ್ದು. ಒಂದು ಎಚ್‌ಪಿಯ ಎರಡಕ್ಕಿಂತ ಅರ್ಧ ಎಚ್‌ಪಿಯ ನಾಲ್ಕು ಮೇಲು. ಮೂಲೆ ಮೂಲೆಗೂ ಗಾಳಿ ಸಿಗುತ್ತದೆ, ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ, ಲಿಫ್ಟ್ ಕೆಟ್ಟ ದಿನ ಒಬ್ಬರೇ ಎತ್ತಿಕೊಂಡು ಹೋಗಬಹುದು. ಖಾಲಿ ಜಾಗವಾದರೆ 300 ಚದರಡಿಗೆ ಒಂದು, ವರ್ಕ್‌ಸ್ಟೇಷನ್ ತುಂಬಿದ್ದರೆ 200ಕ್ಕೆ ಒಂದು ಅಂತ ಲೆಕ್ಕ ಹಾಕಿ. ಪೈಪ್ ಒಡೆದು ನೀರು ನಿಂತ ಜಾಗದ ಲೆಕ್ಕ ಬೇರೆ, ಅಲ್ಲಿ ಇದರ ಮೂರ್ನಾಲ್ಕು ಪಟ್ಟು ಬೇಕು. ಪಕ್ಕದ ರೂಮಿನಲ್ಲಿ ಗಿರಾಕಿ ಮಲಗಿರುವ ಹೋಟೆಲಾದರೆ ಕಾಲು ಎಚ್‌ಪಿಯದೇ ತನ್ನಿ. ದೊಡ್ಡದರ ಸದ್ದಿಗೆ ರಿಸೆಪ್ಷನ್ನಿಗೆ ಫೋನ್ ಬರುತ್ತದೆ.

ಕರೆಂಟಿನ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಅರ್ಧ ಎಚ್‌ಪಿ ಮೋಟಾರು 230 ವೋಲ್ಟಿನಲ್ಲಿ ಎರಡು ಮೂರು ಆಂಪ್ ಎಳೆಯುತ್ತದೆ, ಒಂದು ಎಚ್‌ಪಿಯದು ನಾಲ್ಕೈದು. ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು. ಒಂದೇ 6 ಆಂಪ್ ಸಾಕೆಟ್ಟಿಗೆ ಸರಪಳಿಯಂತೆ ಮೂರು ಮಷೀನು ಸಿಕ್ಕಿಸಿ ಒಟ್ಟಿಗೆ ಆನ್ ಮಾಡಿದರೆ ಎಂಸಿಬಿ ಬಿದ್ದೇ ಬೀಳುತ್ತದೆ. ಎಕ್ಸ್‌ಟೆನ್ಷನ್ ವೈರು 1.5 ಚದರ ಎಂಎಂ, ಮೂರು ಕೋರಿನದೇ ಇರಲಿ. ಸುರುಳಿ ಪೂರ್ತಿ ಬಿಚ್ಚಿ, ಸುತ್ತಿದ ವೈರು ಒಳಗೊಳಗೇ ಕಾಯುತ್ತದೆ. ಒದ್ದೆ ನೆಲದ ಮೇಲೆ ಕೆಲಸ, ಆದ್ದರಿಂದ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇಲ್ಲದ ಲೈನಿಗೆ ಸಿಕ್ಕಿಸಬೇಡಿ. ಅಮೆರಿಕದ 115 ವೋಲ್ಟ್, 60 ಹರ್ಟ್ಸ್ ಮಷೀನು ಅಗ್ಗಕ್ಕೆ ಸಿಕ್ಕಿತೆಂದು ವೋಲ್ಟೇಜು ಇಳಿಸುವ ಸ್ಟೆಪ್‌ಡೌನ್ ಹಾಕಿ ಓಡಿಸುವವರಿದ್ದಾರೆ. ವೋಲ್ಟೇಜು ಸರಿಹೋದರೂ ನಮ್ಮ 50 ಹರ್ಟ್ಸ್ ಬದಲಾಗುವುದಿಲ್ಲ. ಮೋಟಾರು ಆರರಲ್ಲಿ ಒಂದು ಪಾಲು ವೇಗ ಕಳೆದುಕೊಂಡು, ಮೇಲಾಗಿ ಬಿಸಿಯಾಗುತ್ತದೆ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ. ಏರ್ ಮೂವರ್ ನೀರನ್ನು ಮಾಯ ಮಾಡುವುದಿಲ್ಲ, ಕಾರ್ಪೆಟ್ಟಿನಿಂದ ಎತ್ತಿ ಕೋಣೆಯ ಗಾಳಿಗೆ ಹಾಕುತ್ತದೆ, ಅಷ್ಟೇ. 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಇರುವುದು 85 ಘನ ಮೀಟರ್ ಗಾಳಿ. 25 ಡಿಗ್ರಿಯಲ್ಲಿ ಆ ಗಾಳಿಯ ತೇವಾಂಶ ಶೇ. 60ರಿಂದ 85ಕ್ಕೆ ಏರಲು ಅರ್ಧ ಲೀಟರ್ ನೀರು ಸಾಕು. ಅದೇ ನೆಲದಲ್ಲಿ ಚದರ ಮೀಟರಿಗೆ 200 ಎಂಎಲ್ ನೀರು ಉಳಿದಿದ್ದರೆ ಒಟ್ಟು ಐದೂವರೆ ಲೀಟರ್. ಬಾಗಿಲು ಕಿಟಕಿ ಮುಚ್ಚಿ ಮಷೀನು ಓಡಿಸಿದರೆ ಮೊದಲ ಅರ್ಧ ಲೀಟರ್ ಬೇಗ ಏಳುತ್ತದೆ, ಆಮೇಲೆ ಒಣಗುವುದು ಕುಂಟುತ್ತದೆ, ಮುಗ್ಗಲು ವಾಸನೆ ಶುರು.

ಹಾಗಾದರೆ ಕಿಟಕಿ ತೆಗೆಯಬೇಕೆ? ಊರು ನೋಡಿ ಹೇಳಬೇಕು. ಬೆಂಗಳೂರಿನ ಮಳೆಗಾಲದ ರಾತ್ರಿ ಹೊರಗೆ 20 ಡಿಗ್ರಿ, ಶೇ. 90 ತೇವ ಇದ್ದರೂ ಆ ಗಾಳಿ 25 ಡಿಗ್ರಿಯ ಕೋಣೆಗೆ ಬಂದು ಬೆಚ್ಚಗಾದರೆ ಶೇ. 66ಕ್ಕೆ ಇಳಿಯುತ್ತದೆ. ತೆಗೆಯಬಹುದು. ಒಂದು ಏರ್ ಮೂವರನ್ನು ಬಾಗಿಲಲ್ಲಿ ಹೊರಮುಖವಾಗಿ ಇಟ್ಟು, ಎದುರಿನ ಕಿಟಕಿ ತೆರೆದರೆ ಗಾಳಿ ಬದಲಾಗುತ್ತಿರುತ್ತದೆ. ಮಂಗಳೂರಿನಲ್ಲಿ 27 ಡಿಗ್ರಿ, ಶೇ. 90 ಇರುವಾಗ ಇದೇ ಕೆಲಸ ಮಾಡಿದಿರೋ, ಎಸಿಯಿಂದ 24ಕ್ಕೆ ತಣ್ಣಗಾದ ಕೋಣೆಯಲ್ಲಿ ಹೊರಗಿನ ತೇವ ಗಾಜಿನ ಮೇಲೆ ಹನಿಗಟ್ಟುತ್ತದೆ. ಅಲ್ಲಿ ಎಲ್ಲ ಮುಚ್ಚಿ ಎಸಿಯನ್ನು ಡ್ರೈ ಮೋಡಿನಲ್ಲಿಡಿ, ಇಲ್ಲವೇ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತನ್ನಿ. ಸೆಂಟ್ರಲ್ ಎಸಿ ಇರುವ ಆಫೀಸಿನಲ್ಲಿ ರಾತ್ರಿ ಎಎಚ್‌ಯು (ತಂಪು ಗಾಳಿ ತಳ್ಳುವ ಯಂತ್ರ) ನಿಲ್ಲಿಸಿಬಿಡುತ್ತಾರೆ. ಅದನ್ನು ಓಡಿಸಲು ಹಗಲಲ್ಲೇ ಕಟ್ಟಡ ನೋಡಿಕೊಳ್ಳುವ ಫೆಸಿಲಿಟಿಯವರ ಒಪ್ಪಿಗೆ ಪಡೆದಿರಬೇಕು.

ಇದಕ್ಕೂ ಮೊದಲು ವ್ಯಾಕ್ಯೂಮ್. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಕ್ತಿ ಬೇಕು, ಅದನ್ನೇ ನೀರಾಗಿಯೇ ಹೀರಿ ತೆಗೆಯಲು ಅದರ ಚೂರುಪಾರು ಸಾಕು. ನೀರು ಚಿಮ್ಮಿಸಿ ಹೀರುವ ಎಕ್ಸ್‌ಟ್ರ್ಯಾಕ್ಷನ್ ಮಷೀನಿನಲ್ಲಿ ನೀರು ಬಿಡುತ್ತಾ ಒಂದು ಸಲ ಎಳೆದರೆ, ನೀರು ನಿಲ್ಲಿಸಿ ಎರಡು ಸಲ ಎಳೆಯಿರಿ. ಪಾರದರ್ಶಕ ಹೆಡ್ಡಿನಲ್ಲಿ ಹನಿ ಓಡುವುದು ನಿಲ್ಲುವವರೆಗೆ. ಈ ಎರಡು ಎಳೆತ ಉಳಿಸಿದವರು ಬೆಳಿಗ್ಗೆವರೆಗೆ ಬ್ಲೋವರ್ ಕಾಯುತ್ತಾರೆ. ಕಾರ್ಪೆಟ್ ಟೈಲ್ (ಚೌಕ ತುಂಡುಗಳ ಕಾರ್ಪೆಟ್) ಹಾಕಿದ ರೇಸ್ಡ್ ಫ್ಲೋರ್ (ಕೆಳಗೆ ವೈರು ಹಾಯಿಸಲು ಎತ್ತರಿಸಿದ ನೆಲ) ಆದರೆ ಇನ್ನೂ ಎಚ್ಚರ, ಟೈಲಿನ ಸಂದಿಯಿಂದ ಇಳಿದ ನೀರು ಕೆಳಗಿನ ವೈರಿಂಗಿಗೆ ಹೋಗುತ್ತದೆ.

ಮಷೀನುಗಳನ್ನು ಎದುರು ಬದುರು ಇಡಬೇಡಿ, ಗಾಳಿಗೆ ಗಾಳಿ ಡಿಕ್ಕಿ ಹೊಡೆದು ನಡುವಿನ ಪಟ್ಟಿ ಒದ್ದೆಯಾಗೇ ಉಳಿಯುತ್ತದೆ. ಎಲ್ಲವೂ ಗೋಡೆಗೆ ಸ್ವಲ್ಪ ಓರೆಯಾಗಿ, ಒಂದೇ ದಿಕ್ಕಿಗೆ, ಪ್ರದಕ್ಷಿಣೆ ಹಾಕುವಂತೆ ಇರಲಿ. ಟೈಲಿನ ಸಂದಿಗೆ ನೇರ ಊದಿದರೆ ಅಂಟು ಸಡಿಲಿದ ಮೂಲೆ ಎದ್ದು ಬರುತ್ತದೆ. ಮೊದಲ ಭಾಗ ತೊಳೆದ ತಕ್ಷಣ ಅಲ್ಲಿ ಬ್ಲೋವರ್ ಶುರು ಮಾಡಿ, ಎಲ್ಲ ಮುಗಿಯಲಿ ಎಂದು ಕಾಯಬೇಡಿ. ಗಂಟೆಗೊಮ್ಮೆ ಜಾಗ ಬದಲಿಸಿ. ಸರಿಯಾಗಿ ಹೀರಿದ ಕಾರ್ಪೆಟ್ಟು ಎರಡರಿಂದ ನಾಲ್ಕು ಗಂಟೆಯಲ್ಲಿ ಒಣಗಬೇಕು. ನಿಧಾನವಾದರೆ ತಳದ ಕೊಳೆ ನೀರಿನ ಜೊತೆ ನೂಲು ಹತ್ತಿ, ತೆಗೆದ ಕಲೆಯೇ ಮತ್ತೆ ಮೇಲೆ ಕಾಣಿಸುತ್ತದೆ. ಸೆಣಬಿನ ತಳವಿದ್ದರೆ ಕಂದು ಬಣ್ಣವೂ ಏರುತ್ತದೆ. ಬೇಗ ಆಗಲೆಂದು ಹೀಟರ್ ಹಚ್ಚಿದರೆ ಅದೇ ಸೆಣಬಿನ ತಳ ಮುದುಡಬಹುದು. (ನವಲಗುಂದದ ಹತ್ತಿ ಜಮಖಾನೆಗೆ ಈ ಯಾವ ತಾಪತ್ರಯವೂ ಇಲ್ಲ, ಮಹಡಿಯ ಮೇಲೆ ಹಗ್ಗಕ್ಕೆ ಹಾಕಿದರೆ ಆಯಿತು.)

ಒಣಗಿತೋ ಇಲ್ಲವೋ ನೋಡಲು ಅಂಗೈ ನಂಬಬೇಡಿ, ಮೇಲಿನ ನೂಲು ಮೊದಲು ಒಣಗುತ್ತದೆ. ಬಿಳಿ ಟಿಶ್ಯೂ ಇಟ್ಟು ಹಿಮ್ಮಡಿಯಿಂದ ಹತ್ತೆಣಿಸುವವರೆಗೆ ಒತ್ತಿ. ಟೈಲಾದರೆ ಒಂದರ ಮೂಲೆ ಎತ್ತಿ ತಳ ಮುಟ್ಟಿ ನೋಡಿ. ಮರದ ಅಥವಾ ಕಬ್ಬಿಣದ ಕಾಲಿನ ಪೀಠೋಪಕರಣ ವಾಪಸ್ ಇಡುವಾಗ ಕೆಳಗೆ ಪ್ಲಾಸ್ಟಿಕ್ ತುಂಡು ಹಾಕಿ.

ಕೆಲಸ ಮುಗಿದ ಮೇಲೆ ಗಾಳಿ ಎಳೆಯುವ ಜಾಲರಿಯನ್ನು ಬ್ರಷ್ಷಿನಿಂದ ಉಜ್ಜಿಡಿ. ಅಲ್ಲಿ ನೂಲಿನ ಧೂಳು ಕಂಬಳಿಯಂತೆ ಕಟ್ಟಿಕೊಂಡರೆ ಮೋಟಾರು ಕಾದು ಥರ್ಮಲ್ ಕಟ್ ಆಗಿ ತಾನೇ ನಿಲ್ಲುತ್ತದೆ, ಹುಡುಗರು ಮಷೀನು ಸುಟ್ಟಿತು ಅನ್ನುತ್ತಾರೆ. ಅರ್ಧ ಗಂಟೆ ಆರಲು ಬಿಟ್ಟು ನೋಡಿ. ಬರೀ ಗುಂಯ್ ಅಂದು ತಿರುಗದಿದ್ದರೆ ಪ್ಲಗ್ ಕಿತ್ತು, ಒಳಗಿನ ಚಕ್ರ ಕೈಗೆ ಸಲೀಸಾಗಿ ತಿರುಗುತ್ತದೆಯೇ ನೋಡಿ. ತಿರುಗಿದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಅದೇ ಮೈಕ್ರೋಫ್ಯಾರಡಿನದು ಹಾಕಿಸಿ.