1972ರ ಶೆವೆಲ್‌ನ 350 ಎಂಜಿನ್‌ಗೆ ಅಲ್ಯೂಮಿನಿಯಂ ಹೆಡ್: ಒಂದು ಚಳಿಗಾಲದ ಕೆಲಸದ ದಾಖಲೆ

ಡಿಸೆಂಬರ್, ಮೊದಲ ವಾರ

ಅಮೆರಿಕದ ಮಿಶಿಗನ್‌ನ ರಸ್ತೆಗಳಿಗೆ ಹಿಮ ಕರಗಿಸುವ ಉಪ್ಪು ಚೆಲ್ಲಲು ತೊಡಗಿದ ದಿನವೇ ಶೆವ್ರೊಲೆ ಕಂಪನಿಯ ನನ್ನ ಶೆವೆಲ್ ಕಾರನ್ನು ಗ್ಯಾರೇಜಿನೊಳಗೆ ನಿಲ್ಲಿಸಿ ಬ್ಯಾಟರಿ ಬಿಚ್ಚಿಟ್ಟೆ. ಉಪ್ಪು ತುಕ್ಕು ಹಿಡಿಸುವುದರಿಂದ, ವಸಂತದ ಮಳೆ ಅದನ್ನು ತೊಳೆಯುವವರೆಗೆ ಕಾರು ಹೊರಗೆ ಹೋಗುವಂತಿಲ್ಲ. ಮೂರು ವರ್ಷಗಳಿಂದ ಮುಂದೂಡುತ್ತ ಬಂದಿದ್ದ ಸಿಲಿಂಡರ್ ಹೆಡ್ (ಸಿಲಿಂಡರ್‌ಗಳನ್ನು ಮೇಲಿನಿಂದ ಮುಚ್ಚುವ, ವಾಲ್ವ್‌ಗಳಿರುವ ಭಾಗ) ಬದಲಾವಣೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಕಾರು ಮಾಲಿಬು ಮಾದರಿ. ಎಂಜಿನ್ 350 ಘನ ಇಂಚಿನ, ಅಂದರೆ 5.7 ಲೀಟರಿನ ವಿ8. ಎರಡು ಬ್ಯಾರೆಲ್, ಅಂದರೆ ಎರಡು ಗಾಳಿದಾರಿಯ, ಕಾರ್ಬ್ಯುರೇಟರ್ ಜೊತೆ ಕಾರ್ಖಾನೆ ಕೊಟ್ಟ ಅಂಕಿ 165 ಅಶ್ವಶಕ್ತಿ. ಇದೇ ಎಂಜಿನ್‌ಗೆ 1971ರಲ್ಲಿ 245 ಎಂದು ಪ್ರಚಾರ ಮಾಡಿದ್ದರಿಂದ, ಒಂದೇ ವರ್ಷದಲ್ಲಿ 80 ಅಶ್ವಶಕ್ತಿ ಸೋರಿಹೋಯಿತೆಂದು ಅನೇಕರು ನಂಬಿದ್ದಾರೆ. ಬದಲಾದದ್ದು ಮುಖ್ಯವಾಗಿ ಅಳೆಯುವ ಕ್ರಮ. 245 ಎಂಬುದು ಏರ್ ಕ್ಲೀನರ್, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಬರಿಯ ಎಂಜಿನ್ನನ್ನು ಅಳೆದ ಗ್ರಾಸ್ ಅಂಕಿ; 165 ಎಂಬುದು ಅವೆಲ್ಲ ಜೋಡಿಸಿದ ಮೇಲೆ ಉಳಿಯುವ ನೆಟ್ ಅಂಕಿ. ನಿಜವಾದ ಇಳಿಕೆ ಆದದ್ದು 1971ರ ಮಾದರಿಗಳಲ್ಲಿ, ಕಡಿಮೆ ಸೀಸದ ಪೆಟ್ರೋಲಿನಲ್ಲೂ ಓಡಲೆಂದು ಶೆವ್ರೊಲೆಯ ಒಡೆಯ ಜನರಲ್ ಮೋಟಾರ್ಸ್ ಕಂಪ್ರೆಷನ್ ಅನುಪಾತವನ್ನು (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಅಳತೆ) ತಗ್ಗಿಸಿದಾಗ. 1970ರಲ್ಲಿ ನಾಲ್ಕು ಬ್ಯಾರೆಲ್‌ನ 350ಕ್ಕೆ 10.25 ಇದ್ದದ್ದು 8.5ಕ್ಕೆ ಬಂತು. ಕಳೆದುಹೋದ ಆ ಕಂಪ್ರೆಷನ್‌ನಲ್ಲಿ ಸಾಧ್ಯವಾದಷ್ಟನ್ನು, ಪಿಸ್ಟನ್‌ಗಳನ್ನು ಮುಟ್ಟದೆ, ಹೆಡ್‌ನ ಮೂಲಕವೇ ಮರಳಿ ಪಡೆಯುವುದು ನನ್ನ ಉದ್ದೇಶ.

ಡಿಸೆಂಬರ್, ಮೂರನೆಯ ವಾರ

ಹಳೆಯ ಹೆಡ್‌ಗಳನ್ನು ಇಳಿಸಿದೆ. ಒಂದೊಂದು ಹೆಡ್‌ಗೆ ಮೂರು ಅಳತೆಯ 17 ಬೋಲ್ಟ್‌ಗಳಿವೆ. ದಾವಣಗೆರೆಯಲ್ಲಿ ನಮ್ಮ ಸೋದರಮಾವನವರು ಅಂಬಾಸಿಡರ್ ಕಾರುಗಳ ಹೆಡ್ ಇಳಿಸುವಾಗ, ತುದಿಗಳಿಂದ ನಡುವಿನ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕೆಂದು ಕೈಹಿಡಿದು ಕಲಿಸಿದ್ದರು. ಕೂರಿಸುವಾಗ ನಡುವಿನಿಂದ ತುದಿಗಳ ಕಡೆಗೆ. ಅದೇ ಕ್ರಮ ಇಲ್ಲಿಯೂ ನಡೆಯಿತು. ಕ್ಯಾಮ್ ದಂಡದ ಮೇಲೆ ಕೂತು ವಾಲ್ವ್ ತೆರೆಯಲು ಮೇಲಕ್ಕೆ ತಳ್ಳುವ ಟ್ಯಾಪೆಟ್‌ಗಳನ್ನು ಅವುಗಳ ತೂತುಗಳಿಂದ ಹೊರಗೆ ತೆಗೆಯಲಿಲ್ಲ. ಚಪ್ಪಟೆ ತಳದ ಟ್ಯಾಪೆಟ್ ತನ್ನದೇ ಕ್ಯಾಮ್ ಲೋಬ್‌ನೊಂದಿಗೆ (ದಂಡದ ಉಬ್ಬು) ಸವೆದು ಹೊಂದಿಕೊಂಡಿರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಕ್ಯಾಮ್ ಹಾಳಾಗುತ್ತದೆ.

ಬಲಬದಿಯ ಹೆಡ್‌ನಲ್ಲಿ ಹೊಗೆ ಹೊರಬಿಡುವ ಎರಡು ಎಕ್ಸಾಸ್ಟ್ ವಾಲ್ವ್‌ಗಳು, ಅವು ಮುಚ್ಚಿದಾಗ ಕೂರುವ ಸೀಟಿನೊಳಕ್ಕೆ ಕುಸಿದಿದ್ದವು. ಆ ಕಾಲದ ಹೆಡ್‌ಗಳಲ್ಲಿ ಸೀಟಿಗೆ ಬೇರೆ ಉಂಗುರವಿಲ್ಲ. ಹೆಡ್‌ನ ಎರಕದ ಕಬ್ಬಿಣವನ್ನೇ ಅಲ್ಲಿ ಕಾಯಿಸಿ ಗಡಸುಗೊಳಿಸುತ್ತಿದ್ದರು, ಮತ್ತು ಆ ಗಡಸು ಪದರ ತೆಳುವಾದದ್ದು. ಹಿಂದೆ ಯಾವಾಗಲೋ ಸೀಟುಗಳನ್ನು ಅರೆದಾಗ ಅದು ಹೊರಟುಹೋಗಿರಬೇಕು. ಪೆಟ್ರೋಲಿನಲ್ಲಿ ಸೀಸವಿದ್ದ ಕಾಲದಲ್ಲಿ ಅದರ ಲೇಪ ಸೀಟನ್ನು ಕಾಯುತ್ತಿತ್ತು. ಹೊಸ ಅಲ್ಯೂಮಿನಿಯಂ ಹೆಡ್‌ಗಳಲ್ಲಿ ಗಡಸು ಸೀಟುಗಳನ್ನು ಬೇರೆಯಾಗಿ ಒತ್ತಿ ಕೂರಿಸಿರುವುದರಿಂದ ಈ ತೊಂದರೆ ಇಲ್ಲ.

ಜನವರಿ

ಈ ತಿಂಗಳು ಪೂರ್ತಿ ಅಳತೆಯಲ್ಲೇ ಕಳೆಯಿತು, ಮತ್ತು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ. ಹೊಸ ಹೆಡ್‌ಗಳ ಪೆಟ್ಟಿಗೆಯ ಮೇಲೆ ದಹನ ಕೋಣೆ 64 ಸಿಸಿ ಎಂದು ಅಚ್ಚಾಗಿತ್ತು. ಅದನ್ನು ನಂಬಿ ಲೆಕ್ಕ ಹಾಕುವ ಬದಲು ಪಿಯುಸಿಯಲ್ಲಿ ಟೈಟ್ರೇಷನ್‌ಗೆ ಬಳಸುತ್ತಿದ್ದಂಥ ಬ್ಯೂರೆಟ್ ಒಂದನ್ನು ತರಿಸಿದೆ. ವಾಲ್ವ್‌ಗಳನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಕೂರಿಸಿ, ಕೋಣೆಯ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ, ತೂತು ಕೊರೆದ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯನ್ನು ಒತ್ತಿ ಮುಚ್ಚಿ, ಬಣ್ಣ ಬೆರೆಸಿದ ನೀರನ್ನು ಗುಳ್ಳೆ ಉಳಿಯದಂತೆ ಹನಿಹನಿಯಾಗಿ ಇಳಿಸಿದರೆ ಕೋಣೆಯ ನಿಜವಾದ ಗಾತ್ರ ತಿಳಿಯುತ್ತದೆ. ಎಂಟೂ ಕೋಣೆಗಳು 66 ಸಿಸಿಯ ಆಸುಪಾಸಿನಲ್ಲಿ ಬಂದವು. ಹಳೆಯ ಹೆಡ್‌ನ ಕೋಣೆ 77.

ಬೋರ್ (ಸಿಲಿಂಡರಿನ ವ್ಯಾಸ) 4 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 3.48 ಇಂಚು ಇರುವುದರಿಂದ ಒಂದು ಸಿಲಿಂಡರಿನ ಗಾತ್ರ 716.6 ಸಿಸಿ. ಪಿಸ್ಟನ್ ತಲೆಯ ತಗ್ಗು 8 ಸಿಸಿ. ಮೇಲಿನ ತುದಿಯಲ್ಲಿ ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ 0.025 ಇಂಚು ಕೆಳಗೆ ನಿಲ್ಲುತ್ತದೆ, ಅದರಿಂದ ಇನ್ನೂ 5 ಸಿಸಿ. ಎಂಜಿನ್‌ನಲ್ಲಿದ್ದ 0.039 ಇಂಚು ದಪ್ಪದ ಗ್ಯಾಸ್ಕೆಟ್ಟನ್ನೂ (ಹೆಡ್ ಮತ್ತು ಬ್ಲಾಕಿನ ನಡುವಿನ ಸೋರದ ಹಾಳೆ) ಸೇರಿಸಿದಾಗ ಹಳೆಯ ಅನುಪಾತ 8.3ಕ್ಕೆ ಬಂದು ನಿಂತಿತು, ಅಂದರೆ ಕಾರ್ಖಾನೆಯ 8.5ಕ್ಕಿಂತಲೂ ಕಡಿಮೆ. ಹೊಸದಕ್ಕೆ 0.028 ಇಂಚಿನ ಗ್ಯಾಸ್ಕೆಟ್ ಆರಿಸಿದ್ದೇನೆ, ಅನುಪಾತ 9.4 ಆಗುತ್ತದೆ. ತೆಳು ಗ್ಯಾಸ್ಕೆಟ್ಟಿನ ಪ್ರಯೋಜನ ಕಂಪ್ರೆಷನ್ ಒಂದೇ ಅಲ್ಲ. ಪಿಸ್ಟನ್ ಮೇಲೆ ಬಂದಾಗ ಹೆಡ್‌ನ ಸಮತಟ್ಟಾದ ಭಾಗಕ್ಕೂ ಪಿಸ್ಟನ್‌ಗೂ ನಡುವಿನ ಸಂದು 0.064ರಿಂದ 0.053 ಇಂಚಿಗೆ ಇಳಿಯುತ್ತದೆ. ಸಂದು ಕಿರಿದಾದಷ್ಟೂ ಅಲ್ಲಿನ ಮಿಶ್ರಣ ರಭಸದಿಂದ ಕೋಣೆಯೊಳಕ್ಕೆ ಚಿಮ್ಮಿ ಬೇಗ ಉರಿಯುತ್ತದೆ, ನಾಕಿಂಗ್, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದು, ಕಡಿಮೆಯಾಗುತ್ತದೆ. ಬರಿಯ ಉಕ್ಕಿನ ಇನ್ನೂ ತೆಳುವಾದ ಗ್ಯಾಸ್ಕೆಟ್‌ಗಳೂ ಇವೆ, ಆದರೆ ಬಿಸಿಯಾದಾಗ ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೀಗೆ ಹೆಡ್ ಮತ್ತು ಬ್ಲಾಕ್ ಬೇರೆ ಬೇರೆಯಾಗಿ ಹಿಗ್ಗುವಾಗ ಆಗುವ ಉಜ್ಜುವಿಕೆಯನ್ನು ತಾಳಿಕೊಳ್ಳುವ ಪದರದ ಗ್ಯಾಸ್ಕೆಟ್ಟೇ ಇಲ್ಲಿ ಬೇಕು.

ಮಿಶ್ರಣ ಒಳಬಿಡುವ ಇಂಟೇಕ್ ವಾಲ್ವ್ 1.94ರಿಂದ 2.02 ಇಂಚಿಗೂ ಎಕ್ಸಾಸ್ಟ್ 1.50ರಿಂದ 1.60 ಇಂಚಿಗೂ ದೊಡ್ಡದಾಗಿವೆ. ಇಂಟೇಕ್ ದಾರಿಯ ಗಾತ್ರದಲ್ಲಿ ಮಾತ್ರ ಆಸೆಪಡದೆ 180 ಸಿಸಿಗೆ ನಿಂತೆ. ಊರೊಳಗೆ ಓಡುವ, 5500 ಆರ್‌ಪಿಎಂ ಮೀರದ ಎಂಜಿನ್‌ಗೆ ದಾರಿ ಅತಿಯಾಗಿ ಅಗಲವಾದರೆ ಗಾಳಿಯ ವೇಗ ಕುಗ್ಗಿ ಕೆಳಗಿನ ಎಳೆತವೇ ಹೋಗುತ್ತದೆ.

ಫೆಬ್ರವರಿ

ಹಳೆಯ ಕ್ಯಾಮ್ ಅನ್ನು ಸದ್ಯಕ್ಕೆ ಉಳಿಸಿಕೊಂಡಿದ್ದೇನೆ. ಡಯಲ್ ಗೇಜ್‌ನಲ್ಲಿ ಅದರ ಲಿಫ್ಟ್, ಅಂದರೆ ವಾಲ್ವ್ ಎಷ್ಟು ತೆರೆಯುತ್ತದೆ ಎಂಬುದು, ಇಂಟೇಕ್‌ಗೆ 0.390, ಎಕ್ಸಾಸ್ಟ್‌ಗೆ 0.410 ಇಂಚು ಬಂತು. ಇಷ್ಟು ಮೃದುವಾದ ಕ್ಯಾಮ್‌ಗೆ ರೇಸಿನ ಬಿಗಿ ಸ್ಪ್ರಿಂಗ್ ಹಾಕುವುದು ಅದನ್ನು ಕೊಂದಂತೆಯೇ ಎಂದು ಸಾದಾ ಸ್ಪ್ರಿಂಗಿನ ಹೆಡ್‌ಗಳನ್ನೇ ಕೇಳಿ ತರಿಸಿದ್ದೆ.

ಟ್ಯಾಪೆಟ್‌ನ ತಳ್ಳನ್ನು ಹೆಡ್ ಮೇಲಿನ ರಾಕರ್ ಎಂಬ ಸನ್ನೆಗೆ ಮುಟ್ಟಿಸುವ ಹಳೆಯ ಪುಶ್ ರಾಡ್‌ಗಳ ಉದ್ದ 7.8 ಇಂಚು. ರಾಕರ್ ವಾಲ್ವನ್ನು ಒತ್ತಿ ತೆರೆಯುತ್ತದೆ. ಹೊಸ ಹೆಡ್‌ನ ವಾಲ್ವ್‌ಗಳು ಸ್ವಲ್ಪ ಉದ್ದವಾಗಿರುವುದರಿಂದ ಅವು ಹೊಂದುತ್ತವೆಯೇ ಎಂದು ನೋಡಬೇಕಿತ್ತು. ವಾಲ್ವ್ ತುದಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ರಾಕರ್ ಕೂರಿಸಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದರೆ ರಾಕರ್ ಉಜ್ಜಿದ ಗುರುತು ಕಾಣುತ್ತದೆ. ಹಳೆಯ ರಾಡ್‌ನಲ್ಲಿ ಆ ಗುರುತು ಅಗಲವಾಗಿ, ತುದಿಯ ಒಂದು ಅಂಚಿಗೆ ಸರಿದಿತ್ತು. ಹಾಗೆಯೇ ಓಡಿಸಿದ್ದರೆ ರಾಕರ್ ವಾಲ್ವನ್ನು ಪಕ್ಕಕ್ಕೆ ತಳ್ಳಿ, ಅದು ಜಾರುವ ಕೊಳವೆಯಾದ ಗೈಡನ್ನು ಸವೆಸುತ್ತಿತ್ತು. ಉದ್ದ ಬದಲಿಸಬಹುದಾದ ಪರೀಕ್ಷಾ ರಾಡ್ ಇಟ್ಟು ಆರು ಬಾರಿ ನೋಡಿದ ಮೇಲೆ 7.9 ಇಂಚಿನಲ್ಲಿ ಗುರುತು ಕಿರಿದಾಗಿ ನಟ್ಟನಡುವೆ ಬಂತು. ಆ ಸಣ್ಣ ಗೆರೆಯನ್ನು ಕಂಡಾಗ ಆದ ಸಂತೋಷವನ್ನು ಮನೆಯವರಿಗೆ ವಿವರಿಸಲು ತುಂಬ ಹೊತ್ತು ಪ್ರಯತ್ನಿಸಿದೆ.

ಮಾರ್ಚ್

ಹೆಡ್‌ಗಳನ್ನು ಕೂರಿಸಿದೆ. ತೂಕ ಹಳೆಯದರ ಅರ್ಧದಷ್ಟಿರುವುದರಿಂದ ಒಬ್ಬನೇ ಎತ್ತಿ ಇಡಬಹುದು. ಬೋಲ್ಟ್ ತಲೆ ಅಲ್ಯೂಮಿನಿಯಂ ಒಳಕ್ಕೆ ಇಳಿಯದಿರಲೆಂದು ಗಡಸು ವಾಷರ್ ಹಾಕಿ, ಮೂರು ಹಂತಗಳಲ್ಲಿ 65 ಪೌಂಡ್-ಅಡಿಗೆ ಬಿಗಿದೆ. ಕಾರ್ಬ್ಯುರೇಟರಿನಿಂದ ಹೆಡ್‌ಗಳಿಗೆ ಮಿಶ್ರಣ ಒಯ್ಯುವ, ನಾಲ್ಕು ಬ್ಯಾರೆಲ್‌ನ ಇಂಟೇಕ್ ಮ್ಯಾನಿಫೋಲ್ಡ್ ಕೂರಿಸುವಾಗ ಮುಂದಿನ ಮತ್ತು ಹಿಂದಿನ ಅಂಚುಗಳಿಗೆ ಕಾರ್ಕ್ ಪಟ್ಟಿಯನ್ನು ಬಿಟ್ಟು ಸಿಲಿಕೋನ್ ಎಳೆದೆ. ಹೊಸ ಹೆಡ್‌ಗೆ ಉದ್ದ ಥ್ರೆಡ್‌ನ ಪ್ಲಗ್‌ಗಳೇ ಬೇಕು, ಹಳೆಯವು ಹೊಂದುವುದಿಲ್ಲ.

ಕೂಲೆಂಟ್ ತುಂಬಿದ ಮರುದಿನ ಎಡಬದಿಯ ಕೆಳಸಾಲಿನ ಒಂದು ಬೋಲ್ಟ್ ತಲೆಯ ಸುತ್ತ ಹಸಿರು ತೇವ ಕಂಡಿತು. ಈ ಎಂಜಿನ್‌ನಲ್ಲಿ ಹೆಡ್ ಬೋಲ್ಟ್‌ಗಳ ತೂತುಗಳು ನೇರವಾಗಿ ನೀರಿನ ಕೋಣೆಗೆ ತೆರೆದುಕೊಳ್ಳುತ್ತವೆ; ಪ್ರತಿಯೊಂದರ ಥ್ರೆಡ್‌ಗೂ ಸೀಲೆಂಟ್ ಬಳಿಯಲೇಬೇಕು. ಆ ಒಂದಕ್ಕೆ ನಾನು ಬಳಿದದ್ದು ಸಾಲದೆ ಹೋಗಿತ್ತು. ಕೂಲೆಂಟ್ ಇಳಿಸಿ, ಆ ಬೋಲ್ಟ್ ಒಂದನ್ನೇ ತೆಗೆದು, ಅದನ್ನೂ ತೂತನ್ನೂ ಒರೆಸಿ ಒಣಗಿಸಿ, ಮತ್ತೆ ಸೀಲೆಂಟ್ ಹಚ್ಚಿ ಬಿಗಿದೆ. ಆಮೇಲೆ ತೇವ ಕಾಣಲಿಲ್ಲ.

ವಾಲ್ವ್‌ಗಳನ್ನು ಹೊಂದಿಸಿದ್ದು ಹೀಗೆ: ಒಂದು ಸಿಲಿಂಡರಿನ ಎಕ್ಸಾಸ್ಟ್ ತೆರೆಯಲು ತೊಡಗಿದಾಗ ಅದರ ಇಂಟೇಕ್, ಇಂಟೇಕ್ ಮುಚ್ಚುತ್ತ ಬಂದಾಗ ಅದರ ಎಕ್ಸಾಸ್ಟ್. ಪುಶ್ ರಾಡನ್ನು ಮೇಲೆ ಕೆಳಗೆ ಆಡಿಸುತ್ತ ನಟ್ ತಿರುಗಿಸಿ, ಆಟ ನಿಂತ ಜಾಗದಿಂದ ಅರ್ಧ ಸುತ್ತು. ರಾಡನ್ನು ಬೆರಳಿನಿಂದ ಉರುಳಿಸಿ ನೋಡುವವರು ಹೈಡ್ರಾಲಿಕ್ ಟ್ಯಾಪೆಟ್ಟಿನಲ್ಲಿ ಸುಲಭವಾಗಿ ಹೆಚ್ಚು ಬಿಗಿದುಬಿಡುತ್ತಾರೆ.

ಏಪ್ರಿಲ್

ಚಪ್ಪಟೆ ಟ್ಯಾಪೆಟ್ಟಿಗೆ ಬೇಕಾದ ಸತುವಿನ ಅಂಶವಿರುವ ಎಣ್ಣೆ ಹಾಕಿ ಎಂಜಿನ್ ಚಾಲೂ ಮಾಡಿದೆ. ಎರಡನೆಯ ಯತ್ನಕ್ಕೆ ಹಿಡಿಯಿತು. ಒಟ್ಟು ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲು ಕಿಡಿ ಹಾರುವ ಕೋನ, ಮೊದಲು 36 ಡಿಗ್ರಿ ಇತ್ತು; ಹೊಸ ಕೋಣೆ ಬೇಗ ಉರಿಯುವುದರಿಂದ ಈಗ 34ಕ್ಕೆ ಇಳಿಸಿ, 93 ಆಕ್ಟೇನ್ ಪೆಟ್ರೋಲ್ ಹಾಕಿದ್ದೇನೆ. ಕಂಪ್ರೆಷನ್ ಗೇಜ್ ಡಿಸೆಂಬರಿನಲ್ಲಿ 140ರಿಂದ 150 ಪಿಎಸ್‌ಐ ನಡುವೆ ಅಲೆದಾಡುತ್ತಿತ್ತು. ಈಗ ಎಂಟೂ ಸಿಲಿಂಡರ್‌ಗಳು 165ರಿಂದ 170ರೊಳಗಿವೆ. ನನ್ನ ಮಟ್ಟಿಗೆ ಹೆಚ್ಚಿದ ಅಂಕಿಗಿಂತ ಈ ಸಮತೆಯೇ ಹೆಚ್ಚು ತೃಪ್ತಿ ಕೊಟ್ಟಿದೆ.

ಎರಡು ಭಾರಿ ಮಳೆಗಳ ನಂತರ ಹೊರಗೆ ತೆಗೆದು ನಲವತ್ತು ಮೈಲಿ ಓಡಿಸಿದೆ. ಮೊದಲು 4000 ಆರ್‌ಪಿಎಂ ದಾಟಿದರೆ ಎಂಜಿನ್ ಉಸಿರುಗಟ್ಟಿದಂತಾಗುತ್ತಿತ್ತು. ಈಗ ಹಳೆಯ ಕ್ಯಾಮ್ ಇದ್ದೂ 4600ರವರೆಗೆ ಸಲೀಸಾಗಿ ಎಳೆಯುತ್ತದೆ. ಅದರ ಮೇಲೆ ತಡೆಯುತ್ತಿರುವುದು ಕ್ಯಾಮೇ ಎಂಬುದು ಸ್ಪಷ್ಟ. ಹೆಡ್ ಗ್ಯಾಸ್ಕೆಟ್ ಮೂರು ಬಾರಿ ಕಾದು ತಣಿದಿದೆ, ಕೂಲೆಂಟ್ ಮಟ್ಟ ಇಳಿದಿಲ್ಲ. ಮುಂದಿನ ವಾರಾಂತ್ಯದಲ್ಲಿ ವಾಲ್ವ್ ಕವರ್‌ಗಳನ್ನು ಬಿಚ್ಚಿ ರಾಕರ್ ನಟ್‌ಗಳನ್ನೂ ಆ ಎಡಬದಿಯ ಬೋಲ್ಟ್ಟನ್ನೂ ಇನ್ನೊಮ್ಮೆ ನೋಡುತ್ತೇನೆ.